ದೀಪಕ್ಕೊಂದು ಕಾಗದದ ಟೋಪಿ

ಎಲ್ಲಕ್ಕೂ ಕಾರಣ ಎದುರು ಮನೆಯ ಕಾಂಪೌಂಡರ್ ಮಾಡಿದ ಒಂದು ಹೂದಾನಿ. ಹಳೇ ಪೇಪರನ್ನು ಸುರುಳಿ ಸುತ್ತಿ, ಗೋಂದು ಮೆತ್ತಿ, ಮೇಲೆ ಬಂಗಾರದ ಬಣ್ಣ ಬಳಿದು ಆತ ಮಾಡಿದ ಆ ಹೂದಾನಿ, ನಿಜ ಹೇಳಬೇಕೆಂದರೆ, ಬಾತುಕೊಂಡ ಸೌತೆಕಾಯಿಯ ಹಾಗಿತ್ತು. ಆದರೇನು, ಆತನ ಹೆಂಡತಿ ಅದನ್ನು ಕಿಟಕಿಯಲ್ಲಿಟ್ಟು ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಕರೆದು ತೋರಿಸಿದಳು. ಮೀಟರಪ್ಪನ ಹೆಂಡತಿಯನ್ನೂ ಕರೆದಳು. ಅವಳು ಹೋಗಿ ನೋಡಿ ಬಂದು, ಹೊಲಿಗೆ ಮೆಷಿನ್ನಿನ ಮುಂದೆ ಕೂತು, ತಲೆಯ ಮೇಲೆ ನೇತಾಡುತ್ತಿದ್ದ ಬರಿ ಬಲ್ಬಿನ ಕಡೆ ಒಮ್ಮೆ ಕಣ್ಣು ಕಿರಿದು ಮಾಡಿ, "ಮನಸ್ಸಿದ್ದವರು ಏನೇನೋ ಮಾಡ್ತಾರೆ ಬಿಡಿ" ಅಂದಳು.

ಅಷ್ಟೇ ಅಂದದ್ದು. ಬೈದಿದ್ದರೆ ಮೀಟರಪ್ಪ ಹಾಯಾಗಿ ಮಲಗುತ್ತಿದ್ದ.

ಮೀಟರಪ್ಪ ಎಂದರೆ ಮನೆಮನೆಗೆ ಹೋಗಿ ಕರೆಂಟಿನ ಮೀಟರು ಓದುವವನು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ಉಳಿದ ದಿನ ಇಡೀ ಬೀದಿಗೆ ಅವನು ಮೀಟರಪ್ಪ. ಅವನ ಹೆಂಡತಿ ಟೈಲರಮ್ಮ. ಬೀದಿಯ ಹೆಂಗಸರು ಚೆನ್ನಾಗಿ ಕಾಣುತ್ತಿದ್ದರೆ ಅದು ಅರ್ಧ ದೇವರ ಕೆಲಸ, ಅರ್ಧ ಅವಳ ಕೆಲಸ. ಊರಿಗೆಲ್ಲ ಕರೆಂಟಿನ ಲೆಕ್ಕ ಹೇಳುವ ಈ ಮಹಾಶಯನ ಮನೆಯಲ್ಲೇ ಅವಳು ಬೋಳು ಬಲ್ಬಿನ ಕೆಳಗೆ ಕೂತು, "ರೀ, ಈ ಬೆಳಕು ನೇರ ಕಣ್ಣಿಗೇ ಹೊಡೆಯುತ್ತೆ, ಸೂಜಿಗೆ ದಾರ ಪೋಣಿಸೋಕಾಗ್ತಿಲ್ಲ, ಒಂದು ಶೇಡು ತಂದು ಹಾಕಿ" ಎಂದು ಯಾವ ಕಾಲದಿಂದಲೋ ಹೇಳುತ್ತಿದ್ದಳು. ಅವನು "ನಾಳೆ" ಎನ್ನುತ್ತಿದ್ದ. ಆ ನಾಳೆ ಯಾವತ್ತೂ ಬಾಗಿಲು ತಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ಟೈಲರಮ್ಮ ಕಾಲು ಉಳುಕಿಸಿಕೊಂಡ ಅಕ್ಕನನ್ನು ನೋಡಿಕೊಂಡು ಬರಲು ಹೊರಟಳು. ಬಸ್ಸು ಹತ್ತಿಸಿ ಬಂದ ಮೀಟರಪ್ಪ ಖಾಲಿ ಮನೆಯಲ್ಲಿ ನಿಂತು ಬಲ್ಬನ್ನು ನೋಡಿದ. ಶೇಡು ತರೋಣವೆಂದರೆ ಭಾನುವಾರ, ಅಂಗಡಿ ಬಾಗಿಲು ಹಾಕಿದೆ. ಹಾಗಾದರೇನಂತೆ? ಕಾಂಪೌಂಡರನಿಗೆ ಇರುವ ಎರಡು ಕೈ ತನಗಿಲ್ಲವೇ? ಸಂಜೆ ಅವಳು ಬಂದು ಸ್ವಿಚ್ಚು ಒತ್ತಬೇಕು, ಮೇಲೆ ನೋಡಬೇಕು, ಒಂದು ಸಲ ನಗಬೇಕು. ಅವನಿಗೆ ಬೇಕಾದದ್ದು ಅದೊಂದೇ.

ಬಲೂನು ಊದಿ, ಅದರ ಮೇಲೆ ಪೇಪರಿನ ಚೂರುಗಳನ್ನು ಪದರ ಪದರವಾಗಿ ಅಂಟಿಸಿ, ಒಣಗಿದ ಮೇಲೆ ಬಲೂನು ಒಡೆದರೆ ಗುಂಡಗಿನ ಶೇಡು ಬರುತ್ತದೆಂದು ಅವನು ಫೋನಿನಲ್ಲಿ ನೋಡಿದ್ದ. ಮೈದಾ ಕುದಿಸಿ ಗೋಂದು ಮಾಡಿದ. ಗೋಂದಿನಲ್ಲಿ ಅರ್ಧ ಪಾತ್ರೆಯ ತಳ ಹಿಡಿಯಿತು, ಉಳಿದರ್ಧ ಅವನ ಮೊಣಕೈ ಹಿಡಿಯಿತು. ಪೇಪರಿಗೆ ಹುಡುಕಿದರೆ, ಹೋದ ವಾರವಷ್ಟೇ ಎಲ್ಲವನ್ನೂ ರದ್ದಿಗೆ ಹಾಕಿಯಾಗಿತ್ತು. ಮಂಚದ ಕೆಳಗೆ ನೋಡಿದ, ಬೀರುವಿನ ಮೇಲೆ ನೋಡಿದ, ಕೊನೆಗೆ ಹೊಲಿಗೆ ಮೆಷಿನ್ನಿನ ಕೆಳಗೆ ಬಾಯಿ ಕಟ್ಟಿಟ್ಟಿದ್ದ ಒಂದು ಚೀಲ ಸಿಕ್ಕಿತು. ಒಳಗೆಲ್ಲ ಹಳದಿ ತಿರುಗಿದ ಪೇಪರು. ಒಂದೂ ನೆಟ್ಟಗಿರಲಿಲ್ಲ. ಒಂದು ಆನೆ ಕಿವಿಯ ಹಾಗೆ, ಇನ್ನೊಂದು ಅರ್ಧ ಕಚ್ಚಿದ ಬಿಸ್ಕತ್ತಿನ ಹಾಗೆ ಕತ್ತರಿಸಿದ್ದವು. ಮೇಲೆ ಅಲ್ಲಲ್ಲಿ ಕೆಂಪು ಪೆನ್ಸಿಲಿನಲ್ಲಿ ಏನೋ ಬರೆದಿತ್ತು. ಅವನು ಓದುವ ಗೋಜಿಗೆ ಹೋಗಲಿಲ್ಲ. ವಾರವೆಲ್ಲ ಮೀಟರು ಓದುವವನಿಗೆ ಭಾನುವಾರವೂ ಓದು ಎಂದರೆ ಹೇಗೆ?

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಮುಂದಾದರೆ ಅವನ ಮುಖ ನೋಡಿ ಹೇಳಲು ಬಾಯಿ ಬರುವುದಿಲ್ಲ. ಮದುವೆಯಾದಾಗಿನಿಂದ ಆ ಮೆಷಿನ್ನಿನ ಸದ್ದಿನಲ್ಲೇ ಉಂಡು, ಆ ಸದ್ದಿನಲ್ಲೇ ನಿದ್ದೆ ಹೋದ ಈ ಮನುಷ್ಯ, ಹೆಂಡತಿ ಬಟ್ಟೆಯನ್ನು ಹೇಗೆ ಕತ್ತರಿಸುತ್ತಾಳೆಂದು ಒಂದೇ ಒಂದು ಸಲ ಕತ್ತೆತ್ತಿ ನೋಡಿರಲಿಲ್ಲ.

ಪರಪರನೆ ಹರಿದು ಅಂಟಿಸತೊಡಗಿದ. ಕಾಂಪೌಂಡರ್ ವಾಸನೆ ಹಿಡಿದು ಬಂದ.

"ಏನ್ರೀ ಮೀಟರಪ್ಪ, ಮೈದಾ ಒಂದ್ರಲ್ಲೇ ಮಾಡ್ತಿದ್ದೀರಾ? ನಾಳೆ ಜಿರಲೆ ಬಂದು ಊಟ ಮಾಡ್ಕೊಂಡು ಹೋಗುತ್ತೆ. ಇರಿ, ಬಡಗಿ ಗೋಂದು ತರ್ತೀನಿ. ನನ್ನ ಹೂದಾನಿ ಹೇಗೆ ನಿಂತಿದೆ ನೋಡಿ, ಕಲ್ಲು, ಕಲ್ಲು!"

"ಬೇಡ ಬಿಡಿ, ಇಷ್ಟರಲ್ಲೇ ಆಗುತ್ತೆ."

"ನೀವು ಸುಮ್ನಿರಿ" ಎಂದು ಕಾಂಪೌಂಡರ್ ತನ್ನ ಮನೆಯಿಂದ ಬಿಳಿ ಗೋಂದಿನ ಡಬ್ಬ ತಂದು, ಮುಲಾಮು ಹಚ್ಚುವ ಕೈಯಲ್ಲಿ ಬಲೂನಿಗೆ ಧಾರಾಳವಾಗಿ ಹಚ್ಚಿಯೇಬಿಟ್ಟ. ಕೆಲಸ ಮುಗಿದಾಗ ಚೀಲ ಖಾಲಿಯಾಗಿತ್ತು, ಬಲೂನು ಕುಂಬಳಕಾಯಿಯಷ್ಟಾಗಿತ್ತು.

ಒಣಗಿಸಲು ತಾರಸಿಗೆ ಒಯ್ದರು. ತಾರಸಿ ಮಹಡಿ ಆಂಟಿಯ ಸಾಮ್ರಾಜ್ಯ. ಮೇಲಿನ ಮನೆಯ ಈ ಆಂಟಿಗೆ ತಿಳಿಯದೆ ಬೀದಿಯಲ್ಲಿ ಒಂದು ಬೆಕ್ಕೂ ಮರಿ ಹಾಕುತ್ತಿರಲಿಲ್ಲ. ಬಿಸಿಲು ಏರಿ ಬಲೂನು ಢಬ್ಬೆಂದು ಒಡೆದಾಗ ಆಂಟಿ ಕೈಯಲ್ಲಿದ್ದ ಒಗೆದ ಬಟ್ಟೆಯನ್ನೆಲ್ಲ ಕೆಳಗೆ ಚೆಲ್ಲಿ, "ಯಾರದಪ್ಪ ಇದು, ಜೀವ ಹೋಗೋದು!" ಎಂದು ಕೂಗಿಕೊಂಡರು. ಆದರೆ ಶೇಡು ಗಟ್ಟಿಯಾಗಿ, ಗುಂಡಗೆ, ನಿಜವಾಗಲೂ ಚೆನ್ನಾಗಿಯೇ ನಿಂತಿತ್ತು. ವಿಷಯ ಕೇಳಿದ ಆಂಟಿ ಕರಗಿಹೋದರು.

"ಹೆಂಡ್ತಿಗೋಸ್ಕರನಾ? ಅಯ್ಯೋ ನನ್ನಪ್ಪನೇ! ನಮ್ಮನೆಯವರು ನನಗೆ ಒಂದು ಮೊಳೆ ಹೊಡೆದುಕೊಟ್ಟಿಲ್ಲ. ನಡಿ ನಡಿ, ಹಾಕಿ ನೋಡೋಣ."

ಮೂವರೂ ಕೆಳಗಿಳಿದರು. ಮೀಟರಪ್ಪ ಸ್ಟೂಲು ಹತ್ತಿ ಶೇಡನ್ನು ಬಲ್ಬಿಗೆ ತೊಡಿಸಿದ. ಕಾಂಪೌಂಡರ್ ಕಿಟಕಿ ಮುಚ್ಚಿದ. ಆಂಟಿ ಸ್ವಿಚ್ಚು ಒತ್ತಿದರು. ಕೋಣೆಯ ತುಂಬ ಜೇನಿನ ಬಣ್ಣದ ಬೆಳಕು ಹರಡಿತು. ಮೀಟರಪ್ಪನ ಎದೆ ಉಬ್ಬಿತು. ಹೊಲಿಗೆ ಮೆಷಿನ್ನಿನ ಮೇಲೆ ಆ ಬೆಳಕು ಬಿದ್ದ ರೀತಿ ನೋಡಿ, ಇಷ್ಟು ದಿನ ಯಾಕೆ ಮಾಡಲಿಲ್ಲವೋ ಎಂದು ತನ್ನನ್ನೇ ಬೈದುಕೊಂಡ.

"ಅದೇನೋ ಬರೆದಿದೆಯಲ್ಲ" ಅಂದರು ಆಂಟಿ.

ಬಲ್ಬು ಹತ್ತಿದ್ದೇ ತಡ, ಕಾಗದದ ಪದರಗಳೊಳಗಿನ ಕೆಂಪು ಅಕ್ಷರಗಳೆಲ್ಲ ಎದ್ದು ಕಾಣುತ್ತಿದ್ದವು. ಆಂಟಿ ಕನ್ನಡಕ ಸರಿಮಾಡಿಕೊಂಡು ಓದಿದರು: "ಮಹಡಿ. ಎಡ ಭುಜ ಇಳಿಕೆ. ಒಳಗೆ ಹತ್ತಿ ಇಡು." ತಮ್ಮ ಭುಜ ಮುಟ್ಟಿ ನೋಡಿಕೊಂಡರು. "ಮಹಡಿ ಅಂದ್ರೆ ನಾನೇ ಅಲ್ವಾ? ನನ್ನ ಎಡ ಭುಜ ಇಳಿದಿದೆಯಾ?"

"ಇಲ್ಲ ಆಂಟಿ, ನೆಟ್ಟಗೇ ಇದೆ" ಅಂದ ಮೀಟರಪ್ಪ, ಸ್ಟೂಲಿನ ಮೇಲಿಂದಲೇ.

ಕಾಂಪೌಂಡರ್ ನಗು ತಡೆಯಲಾಗದೆ ಶೇಡಿನ ಇನ್ನೊಂದು ಬದಿಗೆ ಹೋಗಿ ನಿಂತ. ಅಲ್ಲಿ ಬರೆದಿತ್ತು: "ಕಾಂಪೌಂಡರ್ ಮನೆ. ಸೊಂಟ ಇಲ್ಲ. ಇದ್ದ ಹಾಗೆ ಮಾಡು." ಅವನ ನಗು ಅಲ್ಲೇ ನಿಂತುಹೋಯಿತು.

ಆಂಟಿ ಕನ್ನಡಿಯ ಮುಂದೆ ಹೋಗಿ ಭುಜವನ್ನು ಮೇಲೆ ಕೆಳಗೆ ಮಾಡಿ ನೋಡಿಕೊಂಡು ಬಂದರು. ಅಷ್ಟರಲ್ಲಿ ಅವರಿಗೆ ಹೊಳೆದಿತ್ತು. "ಮೀಟರಪ್ಪ, ಈ ಪೇಪರು ಎಲ್ಲಿತ್ತು?"

"ಮೆಷಿನ್ನಿನ ಕೆಳಗೆ. ಹಳೇದು, ಸುಮ್ನೆ ಬಿದ್ದಿತ್ತು."

"ಸುಮ್ನೆ ಬಿದ್ದಿತ್ತಾ! ಅಯ್ಯೋ ಪುಣ್ಯಾತ್ಮ, ಅದು ಅಳತೆ ಕಾಗದ ಕಣಪ್ಪ! ಈ ಪೇಪರನ್ನ ಬಟ್ಟೆ ಮೇಲಿಟ್ಟು, ಸುತ್ತ ಗೆರೆ ಎಳೆದು ಕತ್ತರಿಸೋದು. ಬೀದಿ ಹೆಂಗಸರ ತೋಳು, ಬೆನ್ನು, ಕತ್ತು, ಎಲ್ಲಾನೂ ಈ ಬುರುಡೆಯಲ್ಲಿ ಅಂಟಿಸಿಟ್ಟಿದ್ದೀಯಲ್ಲೋ! ನಾಳೆ ನನ್ನ ಗೌನು ಕತ್ತರಿಸ್ತೀನಿ ಅಂದಿದ್ಲು. ಈಗ ಏನಿಟ್ಟುಕೊಂಡು ಕತ್ತರಿಸ್ತಾಳೆ?"

ಮೀಟರಪ್ಪ ತಿರುಗಿ ನೋಡಿದ. ಗೋಡೆಯ ಕಪಾಟಿನಲ್ಲಿ ಕತ್ತರಿಸಲು ಬಾಕಿಯಿದ್ದ ಬಟ್ಟೆಗಳು ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ಒಬ್ಬೊಬ್ಬ ಹೆಂಗಸಿನ ನಂಬಿಕೆ ಸುತ್ತಿಟ್ಟಿತ್ತು. ಈ ಮನೆಯ ಅರ್ಧ ಸಂಸಾರ ನಡೆಯುತ್ತಿದ್ದದ್ದು ಅದರಿಂದಲೇ. ಅದಕ್ಕಿಂತ ಹೆಚ್ಚಾಗಿ, ಅವಳು ತಲೆಯೆತ್ತಿ ಬೀದಿಯಲ್ಲಿ ನಡೆಯುತ್ತಿದ್ದದ್ದು ಅದರಿಂದ. ತಾನು ಅದನ್ನೆಲ್ಲ ಹರಿದು ಮೈದಾ ಹಚ್ಚಿದ್ದೇನೆ! ಸ್ಟೂಲಿನ ಮೇಲಿಂದಲೇ ಶೇಡನ್ನು ಬಿಚ್ಚಿ ಎದೆಗೊತ್ತಿಕೊಂಡ.

"ಹೆದರಬೇಡಿ" ಅಂದ ಕಾಂಪೌಂಡರ್. "ಬಿಸಿ ನೀರಲ್ಲಿ ನೆನೆಸಿದ್ರೆ ಬಿಟ್ಕೊಳ್ಳುತ್ತೆ. ದಿನಾ ಬ್ಯಾಂಡೇಜು ಬಿಚ್ಚೋನು ನಾನು."

ಬಕೆಟ್ಟಿನ ಬಿಸಿ ನೀರಿನಲ್ಲಿ ಶೇಡು ಮುಳುಗಿತು. ಮೈದಾ ಅಂಟಿಸಿದ್ದ ಕಡೆಯೆಲ್ಲ ಕಾಗದ ಕರಗಿ ಗಂಜಿಯಾಯಿತು. ಬಡಗಿ ಗೋಂದು ಹಚ್ಚಿದ್ದ ಕಡೆ ಅಲುಗಾಡಲೇ ಇಲ್ಲ. ಕಾಂಪೌಂಡರ್ ಚಿಮಟ ತಂದು, ಉಸಿರು ಬಿಗಿಹಿಡಿದು, ಒಂದೊಂದೇ ಚೂರು ಎಳೆದ. ಕೊನೆಗೆ ನೆಟ್ಟಗೆ ಕೈಗೆ ಬಂದದ್ದು ಒಂದೇ ಒಂದು ತುಂಡು. ಅದು ಯಾರ ಯಾವ ಭಾಗವೆಂದು ಮೂವರಿಗೂ ತಿಳಿಯಲಿಲ್ಲ.

"ಕಲ್ಲು, ಕಲ್ಲು ಅಂದ್ರಲ್ಲ" ಅಂದ ಮೀಟರಪ್ಪ, ಅಳುವ ದನಿಯಲ್ಲಿ.

ಆ ಹೊತ್ತಿಗೇ ಹೆಂಡತಿಯ ಫೋನು ಬಂತು.

"ಊಟ ಆಯ್ತೇನ್ರೀ?"

"ಹ್ಞೂಂ, ಆಯ್ತು." ಆಗಿರಲಿಲ್ಲ.

"ಅದೇನು ನೀರಿನ ಸದ್ದು?"

"ಪಾತ್ರೆ ತೊಳೀತಿದ್ದೀನಿ."

ಅವಳು ಕಳವಳದಿಂದ, "ಮೈ ಹುಷಾರಿಲ್ವಾ?" ಎಂದು ಕೇಳಿದಳು.

ಆಗಲೇ ಹೇಳಿಬಿಡಬೇಕಿತ್ತು. ಮಾತು ಬಾಯಿಯವರೆಗೆ ಬಂದಿತ್ತು ಕೂಡ. ಆದರೆ ಆಂಟಿ ಬೇಡ ಬೇಡವೆಂದು ಕೈಯಾಡಿಸಿದರು, ಕಾಂಪೌಂಡರ್ ತುಟಿಯ ಮೇಲೆ ಚಿಮಟ ಇಟ್ಟುಕೊಂಡ. ಮೀಟರಪ್ಪ "ಏನಿಲ್ಲ ಕಣೆ, ನಿಧಾನವಾಗಿ ಬಾ" ಎಂದು ಫೋನಿಟ್ಟ. ಮುಂದಿನ ಆಯುಷ್ಯದಲ್ಲಿ ಅವನು ನೆನೆನೆನೆದು ಕೊರಗಿದ್ದು ಹರಿದ ಕಾಗದಕ್ಕಲ್ಲ, ಆ ಎರಡು ಮಾತಿಗೆ.

ಉಪಾಯ ಕಾಂಪೌಂಡರನದೇ. "ಅವರು ಹೊಲಿದ ಬಟ್ಟೆ ಎಲ್ಲರ ಮನೇಲೂ ಇದೆಯಲ್ಲ? ಅದನ್ನ ತಿರುವಿ ಹಾಕಿ ಹೊಸ ಕಾಗದದ ಮೇಲೆ ಅಳತೆ ಇಳಿಸಿದ್ರೆ ಆಯ್ತು. ಗೊತ್ತಿರೋರು ಒಬ್ಬರು ಬೇಕು. ಮೂಲೆಯಂಗಡಿ ಫಿಟಿಂಗ್ ಮಾಸ್ಟರ್ ಇದ್ದಾನಲ್ಲ!"

ಫಿಟಿಂಗ್ ಮಾಸ್ಟರ್ ಬೀದಿಯ ಮೂಲೆಯಲ್ಲಿ ದೊಡ್ಡ ಬೋರ್ಡು ಹಾಕಿ, ಒಳಗೆ ಸಣ್ಣ ಅಂಗಡಿ ಇಟ್ಟವನು. ಗಂಡಸರ ಪ್ಯಾಂಟಿನ ಕಾಲು ಮೋಟು ಮಾಡುವುದು, ಜಿಪ್ಪು ಬದಲಿಸುವುದು, ಇಷ್ಟೇ ಅವನಿಗೆ ಬರುತ್ತಿದ್ದ ಕೆಲಸ. ಹೆಂಗಸರು ಅವನ ಅಂಗಡಿ ದಾಟಿ ಟೈಲರಮ್ಮನ ಮನೆಗೆ ಹೋಗುವುದನ್ನು ಅವನು ಕತ್ತರಿ ಹಿಡಿದು ನೋಡುತ್ತ ಕೂರುತ್ತಿದ್ದ. ಭಾನುವಾರವೂ ಬಾಗಿಲು ತೆಗೆದಿರುತ್ತಿದ್ದ ಪಾಪ, ಯಾರಾದರೂ ಬಂದಾರೆಂದು.

ಆಂಟಿ ಮನೆಮನೆಗೆ ನುಗ್ಗಿದರು. ಗುಟ್ಟು ಗುಟ್ಟು ಎಂದು ಹೇಳುತ್ತಲೇ ಎಲ್ಲರಿಗೂ ಹೇಳಿ, ಎರಡು ದೊಡ್ಡ ಚೀಲದ ತುಂಬ ಬಟ್ಟೆ ತಂದರು. ಮೀಟರಪ್ಪ ಎರಡೂ ಕೈಯಲ್ಲಿ ಚೀಲ ಹಿಡಿದು ಬೀದಿಯುದ್ದಕ್ಕೂ ಓಡಿದ. ದಾರಿಯಲ್ಲಿ ಯಾರೋ, "ಮೀಟರಪ್ಪ, ಇಸ್ತ್ರಿ ಅಂಗಡಿ ಇಟ್ಟೆಯಾ?" ಎಂದು ಕೇಳಿದ್ದಕ್ಕೆ ಉತ್ತರವನ್ನೂ ಕೊಡಲಿಲ್ಲ.

ಫಿಟಿಂಗ್ ಮಾಸ್ಟರ್ ಎಲ್ಲವನ್ನೂ ತಾಳ್ಮೆಯಿಂದ ಕೇಳಿದ. ಅವನ ಕಣ್ಣು ಮಾತ್ರ ಚೀಲದ ಮೇಲಿತ್ತು.

"ಎಲ್ಲರದ್ದೂ ತಂದಿದ್ದೀರಾ?"

"ಎಲ್ಲರದ್ದೂ ತಂದಿದ್ದೀನಿ ಮಾಸ್ಟರೇ. ಸಂಜೆ ಒಳಗೆ ಆಗಬೇಕು. ನನ್ನ ಮಾನ ಉಳಿಸಿ."

"ಅಯ್ಯೋ, ಕೂತ್ಕೊಳ್ಳಿ ಸಾರ್. ಟೈಲರಮ್ಮನ ಕೆಲಸ ಅಂದ್ರೆ ನನ್ನ ಕೆಲಸ ಇದ್ದ ಹಾಗೆ."

ಅಂಗಡಿಗೆ ಬಂದ ಒಂದೆರಡು ಪ್ಯಾಂಟುಗಳನ್ನು ಅವನು ವಾಪಸ್ ಕಳಿಸಿದ. ಮೀಟರಪ್ಪನಿಗೆ ಟೀ ತರಿಸಿದ. ಒಂದೊಂದೇ ಉಡುಪನ್ನು ತಿರುವಿ, ಹೊಲಿಗೆಯ ಮೇಲೆ ಬೆರಳಾಡಿಸುತ್ತ, ಕಾಗದದ ಮೇಲೆ ಹಾಸಿ ಗೆರೆಯೆಳೆದ. ನಡುನಡುವೆ ಅವನ ಬಾಯಿಂದ ತಾನೇ ತಾನಾಗಿ ಮಾತು ಹೊರಡುತ್ತಿತ್ತು. "ಓಹೋಹೋ, ಇಲ್ಲಿ ಬಿಟ್ಟಿದ್ದಾರಾ! ... ಅದಕ್ಕೇ ಬೆನ್ನು ಹಾಗೆ ಕೂರುತ್ತೆ! ... ಭಲೇ, ಭಲೇ!" ಕೆಲವು ಕಡೆ ಅವನು ಕತ್ತರಿ ಕೆಳಗಿಟ್ಟು, ಸುಮ್ಮನೆ ನೋಡುತ್ತ ಕೂತುಬಿಡುತ್ತಿದ್ದ. ತನ್ನ ಹೆಂಡತಿಯ ಕೆಲಸದಲ್ಲಿ ಇಷ್ಟೆಲ್ಲ ಇದೆಯೆಂದು ಮೀಟರಪ್ಪನಿಗೆ ಗೊತ್ತಾದದ್ದೇ ಅವತ್ತು, ಇನ್ನೊಬ್ಬ ಟೈಲರನ ಬಾಯಿಂದ. ಹೆಮ್ಮೆಯಾಯಿತು, ನಾಚಿಕೆಯೂ ಆಯಿತು.

ದುಡ್ಡು ಕೊಡಹೋದರೆ ಮಾಸ್ಟರ್ ಎರಡೂ ಕಿವಿ ಮುಟ್ಟಿಕೊಂಡ. "ಛೆ ಛೆ, ಇದಕ್ಕೆಲ್ಲ ದುಡ್ಡಾ? ಕಲಿಯೋಕೆ ಸಿಕ್ಕಿತಲ್ಲ, ಅದೇ ದೊಡ್ಡದು." ಇಂಥ ಮನುಷ್ಯನನ್ನು ಇಷ್ಟು ದಿನ ಒಂದು ಸಲವೂ ಮಾತಾಡಿಸಲಿಲ್ಲವಲ್ಲ ಎಂದು ಮೀಟರಪ್ಪನ ಕಣ್ಣಲ್ಲಿ ನೀರೇ ಬಂತು. ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ.

ಬಟ್ಟೆಗಳು ಅವರವರ ಮನೆ ಸೇರಿದವು. ಹೊಸ ಕಾಗದಗಳು ಚೀಲದೊಳಗೆ ಕೂತವು. ನೆಲ ಒರೆಸುವಷ್ಟರಲ್ಲಿ ಟೈಲರಮ್ಮ ಒಳಗೆ ಬಂದಳು. ಚಪ್ಪಲಿ ಬಿಡುವ ಮುಂಚೆಯೇ ಅವಳಿಗೆ ತಳ ಹಿಡಿದ ಮೈದಾದ ವಾಸನೆ ಬಡಿಯಿತು. ಬಚ್ಚಲಿನಲ್ಲಿ ಗಂಜಿ ತುಂಬಿದ ಬಕೆಟ್ಟು ಕಂಡಿತು.

"ಏನ್ರೀ ಇದು?"

ಮೀಟರಪ್ಪ ತಡೆಯಲಾರದೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟ. ಬಲ್ಬು, ಬಲೂನು, ಚೀಲ. "ತಪ್ಪಾಯ್ತು ಕಣೆ. ನಿನ್ನ ಅಳತೆ ಕಾಗದ ಎಲ್ಲಾ ಹಾಳು ಮಾಡ್ಬಿಟ್ಟೆ."

ಟೈಲರಮ್ಮ ಅವನನ್ನೇ ನೋಡಿದಳು. ಆಮೇಲೆ ನಕ್ಕಳು. ಅವನು ಬೆಳಗಿನಿಂದ ಕಾದಿದ್ದ ನಗು ಅದೇ.

"ಆ ಚೀಲನಾ? ಅದನ್ನ ರದ್ದಿಯವನಿಗೆ ಹಾಕೋಕೆ ಅಂತಲೇ ಕಟ್ಟಿಟ್ಟಿದ್ದೆ. ಹೋದ ವಾರ ಹೇಳೋಕೆ ಮರೆತೆ. ಅವೆಲ್ಲ ಹೊಲಿಗೆ ಕಲಿತ ಹೊಸದ್ರಲ್ಲಿ ಮಾಡ್ಕೊಂಡಿದ್ದು. ಈಗ ನನಗೆ ಕಾಗದ ಯಾಕ್ರೀ? ಮನುಷ್ಯರು ಬಾಗಿಲಲ್ಲಿ ನಿಂತ್ರೆ ಸಾಕು, ಅಳತೆ ಕೈಗೆ ಬಂದುಬಿಡುತ್ತೆ."

ಮೀಟರಪ್ಪನಿಗೆ ಕುಣಿಯುವಂತಾಯಿತು. ಬೆಳಗಿನಿಂದ ಪಟ್ಟ ಪಾಡೆಲ್ಲ ದಂಡ, ಆದರೆ ಎಂಥ ಸುಖದ ದಂಡ! "ಅಯ್ಯೋ, ನಾನು ಸುಮ್ಮನೆ ಪ್ರಾಣ ಬಿಟ್ಟೆನಲ್ಲ! ಹಾಗಾದ್ರೆ ಈ ಹೊಸದೂ ಬೇಡ್ವಾ ನಿನಗೆ?" ಎಂದು ಚೀಲದಿಂದ ಕಾಗದಗಳನ್ನು ತೆಗೆದು ಹೆಮ್ಮೆಯಿಂದ ಮೇಜಿನ ಮೇಲೆ ಹರಡಿದ.

ಅವಳು ಒಂದನ್ನು ಎತ್ತಿಕೊಂಡಳು. ಅಂಚಿನ ಮೇಲೆ ಹೆಬ್ಬೆರಳು ಓಡಿಸಿದಳು. ಇನ್ನೊಂದನ್ನು ಎತ್ತಿಕೊಂಡಳು. ನಗು ಎಲ್ಲಿ ಹೋಯಿತೋ.

"ಇದನ್ನ ಯಾರು ಇಳಿಸಿದ್ದು?"

"ಫಿಟಿಂಗ್ ಮಾಸ್ಟರು. ಎಂಥಾ ಒಳ್ಳೆ ಮನುಷ್ಯ ಅಂತೀಯ! ಒಂದು ಕಾಸು ಮುಟ್ಟಲಿಲ್ಲ. ಟೀ ಬೇರೆ ಕುಡಿಸಿದ."

"ನಾನು ಹೊಲಿದ ಬಟ್ಟೆ ಎಲ್ಲಾ ಅವನ ಮುಂದೆ ತಿರುವಿ ಹಾಕಿದ್ರಾ?"

"ಎಲ್ಲಾನೂ."

"ಕಾಗದ ಒಂದೇ ಹಾಳೆ ಇಟ್ಟು ಕತ್ತರಿಸಿದ್ನಾ, ಎರಡು ಇಟ್ಟಾ?"

ಮೀಟರಪ್ಪ ಮೇಜಿನ ಮೇಲಿನ ಕಾಗದಗಳನ್ನೊಮ್ಮೆ ನೋಡಿದ. "ಎರಡು" ಅಂದ. "ಒಂದೇ ಆದ್ರೆ ಜಾರುತ್ತೆ ಅಂದ. ಇನ್ನೊಂದು ಅವನ ಹತ್ರಾನೇ ಉಳೀತು."

ಟೈಲರಮ್ಮ ಕುರ್ಚಿಯ ಮೇಲೆ ಕೂತಳು. ಬೈಯಲಿಲ್ಲ. "ಕೇಳಬಾರದಿತ್ತೇನ್ರೀ? ಮಧ್ಯಾಹ್ನ ನಾನೇ ಫೋನ್ ಮಾಡಿದ್ನಲ್ಲ" ಅಂದಳು, ಅಷ್ಟೇ.

"ಈಗಲೇ ಹೋಗಿ ಇಸ್ಕೊಂಡು ಬರ್ತೀನಿ. ಅವನ ಕೊರಳಪಟ್ಟಿ ಹಿಡಿದು ಇಸ್ಕೊಂಡು ಬರ್ತೀನಿ!"

"ಕಾಗದ ಇಸ್ಕೊಂಡು ಬರಬಹುದು. ನೋಡಿಬಿಟ್ಟಿದ್ದಾನಲ್ಲ, ಅದನ್ನ ಹೇಗೆ ಇಸ್ಕೊಂಡು ಬರ್ತೀರಿ?"

ಅಷ್ಟರಲ್ಲಿ ಬಾಗಿಲಲ್ಲಿ ಮಹಡಿ ಆಂಟಿ ಕಾಣಿಸಿದರು. ಮುಖ ತುಂಬ ಸಂತೋಷ.

"ಬಂದ್ಯೇನಮ್ಮ? ಅಕ್ಕ ಹೇಗಿದ್ದಾಳೆ? ನಿನ್ನ ಗಂಡ ಚಿನ್ನ ಕಣಮ್ಮ, ಬೆಳಿಗ್ಗೆಯಿಂದ ನಿನಗೋಸ್ಕರ ಎಷ್ಟು ಒದ್ದಾಡಿದ್ದಾನೆ! ಅಂದ ಹಾಗೆ, ಮೂಲೆಯಂಗಡಿ ಮಾಸ್ಟರ್ ಈಗಷ್ಟೇ ಎಲ್ಲರ ಮನೆಗೂ ಬಂದಿದ್ದ. ನಿನಗೆ ಕಣ್ಣು ನೋವು, ಕೆಲಸ ಮೈಮೇಲೆ ಬಿದ್ದಿದೆ, ಅದಕ್ಕೇ ನಿನ್ನ ಗಂಡ ಎಲ್ಲರ ಅಳತೆನೂ ಅವನಿಗೇ ಒಪ್ಪಿಸಿದ್ರು ಅಂದ. ನನಗೊಂದು ಮಾತೂ ಹೇಳಲಿಲ್ಲ ನೋಡು ಇವನು! ನಾಳಿದ್ದೇ ಗೌನು ಕೊಡ್ತಾನಂತೆ, ಎಡ ಭುಜನೂ ಸರಿಮಾಡಿ! ನನ್ನ ಬಟ್ಟೆ ಕೊಟ್ಟುಬಿಡಮ್ಮ, ಪಾಪ, ನೀನು ಸ್ವಲ್ಪ ಸುಧಾರಿಸ್ಕೋ."

ಟೈಲರಮ್ಮ ಎದ್ದು ಕಪಾಟಿನಿಂದ ಆಂಟಿಯ ಬಟ್ಟೆ ತೆಗೆದಳು. ಧೂಳು ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಿಸಿ, ಎರಡೂ ಕೈಯಲ್ಲಿ ಕೊಟ್ಟಳು. ಆಂಟಿ ಮೀಟರಪ್ಪನ ಬೆನ್ನು ತಟ್ಟಿ ಹೊರಟುಹೋದರು.

ಮೀಟರಪ್ಪ ಹೆಂಡತಿಯ ಮುಂದೆ ನಿಂತುಕೊಂಡ. "ಬೈಯಾದ್ರೂ ಬೈಯೇ" ಅಂದ.

"ಬೈದ್ರೆ ನಿಮಗೆ ಹಗುರ ಆಗುತ್ತೆ" ಅಂದಳು ಅವಳು.

ಮೆಟ್ಟಿಲ ಮೇಲೆ ಮತ್ತೆ ಯಾರದೋ ಚಪ್ಪಲಿಯ ಸದ್ದು ಕೇಳಿತು, ಅದರ ಹಿಂದೆಯೇ ಇನ್ನೊಬ್ಬರದು. ಯಾರೂ ಬಾಗಿಲು ತಟ್ಟುವ ಮೊದಲೇ ಟೈಲರಮ್ಮ ಕಪಾಟಿನಿಂದ ಎರಡನೆಯ ಬಟ್ಟೆ ತೆಗೆದು ಮಡಿಸತೊಡಗಿದಳು.